ತೆರೆದ ಬಾಯಿ, ಮುಚ್ಚಿದ ಬಾಯಿ: ಬಾಯಿ ಅಗಲಿಸುವ ಶಸ್ತ್ರಚಿಕಿತ್ಸೆಯ ಎರಡು ಫಲಗಳು

ಬೆಂಕಿ, ಆ್ಯಸಿಡ್ ಅಥವಾ ವಿದ್ಯುತ್ತಿನಿಂದ ಮುಖ ಸುಟ್ಟವರಲ್ಲಿ, ಕ್ಯಾನ್ಸರ್‌ನಿಂದಾಗಿ ತುಟಿಯ ದೊಡ್ಡ ಭಾಗವನ್ನು ಕಳೆದುಕೊಂಡವರಲ್ಲಿ, ಚರ್ಮ ದಿನೇ ದಿನೇ ಗಡುಸಾಗುತ್ತ ಹೋಗುವ ಸ್ಕ್ಲೆರೋಡರ್ಮಾದಂತಹ ಕಾಯಿಲೆ ಇರುವವರಲ್ಲಿ ಬಾಯಿಯ ದ್ವಾರವೇ ಕಿರಿದಾಗಿಬಿಡುವುದುಂಟು. ವೈದ್ಯರು ಇದನ್ನು ಮೈಕ್ರೊಸ್ಟೋಮಿಯಾ, ಅಂದರೆ ಕಿರುಬಾಯಿ, ಎನ್ನುತ್ತಾರೆ. ಮೇಲ್ದುಟಿ ಮತ್ತು ಕೆಳದುಟಿಗಳು ಕೂಡುವ ಮೂಲೆಯನ್ನು, ಅಂದರೆ ಕಟವಾಯಿಯನ್ನು, ಕೊಯ್ದು ಕೆನ್ನೆಯ ಕಡೆಗೆ ಸರಿಸಿ ಹೊಸದಾಗಿ ಕಟ್ಟುವ ಶಸ್ತ್ರಚಿಕಿತ್ಸೆಗೆ ಕಮಿಷರೋಪ್ಲಾಸ್ಟಿ ಎಂದು ಹೆಸರು. ಇದರ ಫಲವನ್ನು ಸಾಮಾನ್ಯವಾಗಿ ಚಿಕಿತ್ಸೆಗೆ ಮೊದಲಿನ ಮತ್ತು ನಂತರದ ಎರಡು ಚಿತ್ರಗಳಲ್ಲಿ ತೋರಿಸಲಾಗುತ್ತದೆ, ಮತ್ತು ಆ ಚಿತ್ರಗಳಲ್ಲಿ ಬಾಯಿ ಹೆಚ್ಚಾಗಿ ಮುಚ್ಚಿಯೇ ಇರುತ್ತದೆ. ಆದರೆ ರೋಗಿ ಬದುಕಬೇಕಾದದ್ದು ತೆರೆಯುವ, ಮುಚ್ಚುವ, ಊದುವ, ಹೀರುವ, ಮಾತನಾಡುವ ಬಾಯಿಯೊಂದಿಗೆ. ನೋಟಕ್ಕೆ ಸಿಗುವ ಫಲ ಮತ್ತು ಬಳಕೆಗೆ ಸಿಗುವ ಫಲ ಕೆಲವೊಮ್ಮೆ ಒಂದಕ್ಕೊಂದು ಒತ್ತಾಸೆಯಾಗಿ ನಿಂತರೂ, ಕೆಲವೊಮ್ಮೆ ಒಂದನ್ನು ಬಿಟ್ಟುಕೊಟ್ಟೇ ಇನ್ನೊಂದನ್ನು ಪಡೆಯಬೇಕಾಗುತ್ತದೆ ಎಂಬುದು ಈ ಚಿಕಿತ್ಸೆಯ ಬಗ್ಗೆ ತಿಳಿಯಬೇಕಾದ ಮೊದಲ ಸಂಗತಿ.

ಕಿರುಬಾಯಿಯ ತೊಂದರೆ ಊಟದ ತಟ್ಟೆಯಲ್ಲಿಯೇ ಆರಂಭವಾಗುತ್ತದೆ. ಚಮಚ ಒಳಗೆ ಹೋಗುವುದಿಲ್ಲ, ರಾಗಿಮುದ್ದೆಯ ತುತ್ತನ್ನು ಮತ್ತೆ ಮತ್ತೆ ಸಣ್ಣದಾಗಿ ಮುರಿಯಬೇಕಾಗುತ್ತದೆ, ರೊಟ್ಟಿಯನ್ನು ಸಾರಿನಲ್ಲಿ ನೆನೆಸದೆ ತಿನ್ನಲಾಗುವುದಿಲ್ಲ. ಹಲ್ಲುಜ್ಜುವ ಬ್ರಷ್ ಹಿಂದಿನ ದವಡೆಹಲ್ಲುಗಳನ್ನು ಮುಟ್ಟದ ಕಾರಣ ಅವು ಹುಳುಕಾಗುತ್ತವೆ, ಹುಳುಕಾದ ಹಲ್ಲನ್ನು ಕೀಳಲು ದಂತವೈದ್ಯರ ಉಪಕರಣ ಒಳಹೋಗುವುದಿಲ್ಲ, ಕಿತ್ತ ಮೇಲೆ ಕಟ್ಟಿಸಿದ ಹಲ್ಲಿನ ಸೆಟ್ಟನ್ನು ಬಾಯೊಳಗೆ ಕೂರಿಸುವುದಕ್ಕೂ ಆಗುವುದಿಲ್ಲ. ಇಂಥವರಿಗಾಗಿ ಎರಡು ತುಂಡುಗಳಾಗಿ ಬಿಚ್ಚಿ ಒಳಗೆ ಜೋಡಿಸಬಹುದಾದ ಹಲ್ಲಿನ ಸೆಟ್ಟುಗಳನ್ನು ತಯಾರಿಸುವ ಕ್ರಮವೇ ಬೆಳೆದು ಬಂದಿದೆ. ಇವೆಲ್ಲಕ್ಕಿಂತ ಅಪಾಯದ್ದು ಅರಿವಳಿಕೆಯ ಸಮಸ್ಯೆ: ಯಾವುದೇ ಕಾರಣಕ್ಕೆ ಶಸ್ತ್ರಚಿಕಿತ್ಸೆ ಆಗಬೇಕಾಗಿ ಬಂದರೂ ಬಾಯಿಯ ಮೂಲಕ ಉಸಿರಾಟದ ನಳಿಗೆಯನ್ನು ಇಳಿಸುವುದು ಇವರಲ್ಲಿ ಕಷ್ಟ, ಆದುದರಿಂದ ಅರಿವಳಿಕೆ ತಜ್ಞರು ಅನೇಕ ವೇಳೆ ರೋಗಿ ಎಚ್ಚರವಿರುವಾಗಲೇ ತೆಳುವಾದ ಬೆಳಕಿನ ದುರ್ಬೀನಿನ ನೆರವಿನಿಂದ ಮೂಗಿನ ಮೂಲಕ ನಳಿಗೆಯನ್ನು ಸಾಗಿಸುತ್ತಾರೆ.

ಬಾಯಿಯ ಅಳತೆ ಒಂದೇ ಅಲ್ಲ ಎಂಬುದನ್ನು ಇಲ್ಲಿಯೇ ಸ್ಪಷ್ಟಪಡಿಸಿಕೊಳ್ಳಬೇಕು. ಒಂದು ಕಟವಾಯಿಯಿಂದ ಇನ್ನೊಂದು ಕಟವಾಯಿಗೆ ಇರುವ ಅಂತರ ಬಾಯಿಯ ಅಗಲ, ವಯಸ್ಕರಲ್ಲಿ ಇದು ಸುಮಾರು 5 ಸೆಂಟಿಮೀಟರ್. ಮೇಲಿನ ಮತ್ತು ಕೆಳಗಿನ ಬಾಚಿಹಲ್ಲುಗಳ ನಡುವೆ ಬಾಯಿ ಪೂರ್ತಿ ತೆರೆದಾಗ ಸಿಗುವ ಅಂತರ ಬಾಯಿಯ ತೆರೆತ, ಇದು ಸಾಮಾನ್ಯವಾಗಿ 35ರಿಂದ 55 ಮಿಲಿಮೀಟರ್. ತನ್ನದೇ ಮೂರು ಬೆರಳುಗಳನ್ನು ಒಂದರ ಮೇಲೊಂದಿಟ್ಟು ಬಾಯೊಳಗೆ ತೂರಿಸಲು ಆದರೆ ತೆರೆತ ಸಾಕಷ್ಟಿದೆ ಎಂದು ಸ್ಥೂಲವಾಗಿ ತಿಳಿಯಬಹುದು. ಅಗಲ ಕಡಿಮೆಯಾಗಲು ತುಟಿ ಮತ್ತು ಕಟವಾಯಿಯ ಕಲೆ ಕಾರಣವಾದರೆ, ತೆರೆತ ಕಡಿಮೆಯಾಗಲು ಕೆನ್ನೆಯ ಒಳಪದರ, ದವಡೆಯ ಸ್ನಾಯು ಅಥವಾ ದವಡೆಯ ಕೀಲು ಕಾರಣವಾಗಿರಬಹುದು. ತೊಂದರೆ ಕೀಲಿನಲ್ಲಿರುವಾಗ ಕಟವಾಯಿಯನ್ನು ಎಷ್ಟು ಕೊಯ್ದರೂ ಪ್ರಯೋಜನವಿಲ್ಲ. ಒಂದು ಬೆರಳಿನಷ್ಟು ಅಗಲ ಹೆಚ್ಚಿದರೂ ತುತ್ತು ಮೊದಲಿನಷ್ಟೇ ಕಷ್ಟದಿಂದ ಒಳಹೋಗುವ ರೋಗಿಗೆ ಸಿಕ್ಕಿದ್ದು ಕೇವಲ ನೋಟದ ಬದಲಾವಣೆ.

ಕಟವಾಯಿಯಲ್ಲಿ ನಿಜವಾಗಿ ಏನಿದೆ ಎಂಬುದನ್ನು ತಿಳಿದರೆ ಈ ಶಸ್ತ್ರಚಿಕಿತ್ಸೆಯ ಬಿಕ್ಕಟ್ಟು ತಾನಾಗಿ ಅರ್ಥವಾಗುತ್ತದೆ. ತುಟಿಗಳ ಒಳಗೆ ಬಾಯಿಯ ಸುತ್ತ ಆರ್ಬಿಕ್ಯುಲಾರಿಸ್ ಓರಿಸ್ ಎಂಬ ಸ್ನಾಯು ಹರಡಿಕೊಂಡಿದ್ದು, ಎಲೆಯಡಿಕೆ ಸಂಚಿಯ ಬಾಯಿಗೆ ಪೋಣಿಸಿದ ದಾರದಂತೆ ಅದು ಬಿಗಿದಾಗ ಬಾಯಿ ಮುಚ್ಚುತ್ತದೆ, ಸಡಿಲಿಸಿದಾಗ ತೆರೆಯಲು ಬಿಡುತ್ತದೆ. ಕಟವಾಯಿಯಿಂದ ತುಸು ಹೊರಗೆ, ಕೆನ್ನೆಯ ಒಳಗೆ, ಮೊಡಿಯೋಲಸ್ ಎಂಬ ಗಟ್ಟಿಯಾದ ಸ್ನಾಯುಗಂಟು ಇದೆ. ನಗುವಾಗ ಕಟವಾಯಿಯನ್ನು ಮೇಲಕ್ಕೆಳೆಯುವ, ಬೇಸರದಲ್ಲಿ ಕೆಳಕ್ಕೆಳೆಯುವ, ತುತ್ತನ್ನು ಹಲ್ಲುಗಳ ನಡುವೆ ಒತ್ತಿಹಿಡಿಯುವ ಕೆನ್ನೆಯ ಸ್ನಾಯುಗಳೆಲ್ಲ ಬಂದು ಸೇರುವುದು ಈ ಗಂಟಿನಲ್ಲಿ. ಅದರ ಸಮೀಪದಲ್ಲಿಯೇ ಮುಖದ ಅಪಧಮನಿಯಿಂದ ತುಟಿಗಳಿಗೆ ರಕ್ತ ಒಯ್ಯುವ ಕವಲುಗಳು ಹೊರಡುತ್ತವೆ. ಹೀಗಾಗಿ ಕಟವಾಯಿ ಎಂಬುದು ಚರ್ಮದ ಒಂದು ಮಡಿಕೆ ಮಾತ್ರವಲ್ಲ, ಬಾಯಿಯ ಚಲನೆಯ ಕೀಲು. ಅದನ್ನು ಎಷ್ಟು ಆಳಕ್ಕೆ ಕೊಯ್ಯಬೇಕು ಎಂಬ ಪ್ರಶ್ನೆಗೆ ಸುಲಭವಾದ ಉತ್ತರವಿಲ್ಲ.

ಚರ್ಮ ಮತ್ತು ಕೆಂಪು ತುಟಿಯನ್ನು ಮಾತ್ರ ಕೊಯ್ದು, ಒಳಗಿನ ಕಲೆಗಟ್ಟಿದ ಸ್ನಾಯುವನ್ನು ಹಾಗೆಯೇ ಬಿಟ್ಟರೆ ಮುಚ್ಚಿದ ಬಾಯಿ ಅಗಲವಾಗಿ ಕಾಣುತ್ತದೆ, ಆದರೆ ತೆರೆಯುವಾಗ ಒಳಗಿನ ಬಿಗಿಯುಂಗುರ ಮೊದಲಿನಂತೆಯೇ ತಡೆಯುತ್ತದೆ. ಸ್ನಾಯುವನ್ನು ಪೂರ್ತಿ ಕೊಯ್ದು ಹೊರಗೆ ಸರಿಸಿದರೆ ಬಾಯಿ ಧಾರಾಳವಾಗಿ ತೆರೆಯುತ್ತದೆ, ಆದರೆ ಮುಚ್ಚುವ ಬಲ ತಗ್ಗಿ ಮೂಲೆಯಿಂದ ಜೊಲ್ಲು ಸುರಿಯತೊಡಗುತ್ತದೆ. ದ್ರವ ಆಹಾರವನ್ನು ಚೆಲ್ಲದೆ ಹಿಡಿದಿಟ್ಟುಕೊಳ್ಳುವ ಈ ಸಾಮರ್ಥ್ಯವನ್ನು ವೈದ್ಯರು ತುಟಿಯ ಬಿಗಿಹಿಡಿತ ಎಂದು ಪ್ರತ್ಯೇಕವಾಗಿಯೇ ಪರೀಕ್ಷಿಸುತ್ತಾರೆ. ಮಾತಿನ ಮೇಲೂ ಇದರ ಪರಿಣಾಮವಿದೆ: ಪ, ಬ, ಮ ಮುಂತಾದ ಓಷ್ಠ್ಯ ಅಕ್ಷರಗಳಿಗೆ ತುಟಿಗಳೆರಡೂ ಪೂರ್ತಿ ಕೂಡಬೇಕು, ಉ ಮತ್ತು ಒ ಸ್ವರಗಳಿಗೆ ಅವು ದುಂಡಗಾಗಬೇಕು. ಕಿರಿದಾದ ಬಾಯಿಯೂ ಅತಿಯಾಗಿ ಅಗಲಿಸಿದ ಬಾಯಿಯೂ ಈ ಅಕ್ಷರಗಳಲ್ಲಿ ಬೇರೆ ಬೇರೆ ರೀತಿಯಲ್ಲಿ ಎಡವುತ್ತವೆ.

ಕಟವಾಯಿಯನ್ನು ಹಿಂದಕ್ಕೆ ಕಟ್ಟುವ ಕ್ರಮ 19ನೇ ಶತಮಾನದ ಮೊದಲ ಭಾಗದಲ್ಲಿ ಬರ್ಲಿನ್ನಿನ ಶಸ್ತ್ರವೈದ್ಯ ಯೋಹಾನ್ ಫ್ರೀಡ್ರಿಶ್ ಡೀಫೆನ್‌ಬಾಖ್ ಅವರಿಂದ ರೂಪ ಪಡೆಯಿತು. ಹೊಸ ಕಟವಾಯಿ ಎಲ್ಲಿರಬೇಕೋ ಅಲ್ಲಿ ತುದಿ ಬರುವಂತೆ ಕೆನ್ನೆಯ ಮೇಲೆ ತ್ರಿಕೋನವೊಂದನ್ನು ಗುರುತಿಸಿ, ಅದರೊಳಗಿನ ಕಲೆಗಟ್ಟಿದ ಚರ್ಮವನ್ನು ತೆಗೆದು, ಬಾಯಿಯ ಒಳಗಿನ ಲೋಳೆಪೊರೆಯನ್ನು ಹೊರಕ್ಕೆ ತಂದು ಚರ್ಮಕ್ಕೆ ಹೊಲಿಯುವುದು ಅದರ ತಿರುಳು. ಮೊದಲ ಮಹಾಯುದ್ಧದಲ್ಲಿ ಗಾಯಗೊಂಡ ಸೈನಿಕರ ಮುಖಗಳನ್ನು ಸರಿಪಡಿಸಿ ಹೆಸರಾದ, ದಂತವೈದ್ಯರಾಗಿ ವೃತ್ತಿ ಆರಂಭಿಸಿದ ವರಾಜ್ತಾದ್ ಕಜಾಂಜಿಯನ್ ಅವರು ರೂಪೇನಿಯನ್ ಅವರೊಡನೆ 1954ರಲ್ಲಿ ವಿದ್ಯುತ್ ಸುಟ್ಟಗಾಯಗಳ ಸಂದರ್ಭದಲ್ಲಿ ಈ ಕ್ರಮವನ್ನು ಪರಿಷ್ಕರಿಸಿ ಪ್ರಕಟಿಸಿದರು. ಇಂದಿಗೂ ಪ್ಲಾಸ್ಟಿಕ್ ಸರ್ಜರಿ ಕಲಿಯುವವರು ಆ ಕ್ರಮದ ಹೆಸರನ್ನು ಕೇಳದೆ ಇರಲಾರರು.

ಲೋಳೆಪೊರೆಯನ್ನೇ ಏಕೆ ಹೊರಗೆ ತರಬೇಕು ಎಂದರೆ, ಸುಮ್ಮನೆ ಕೊಯ್ದುಬಿಟ್ಟ ಮೂಲೆಯಲ್ಲಿ ಎರಡು ಹಸಿ ಅಂಚುಗಳು ಎದುರುಬದುರಾಗಿ ಉಳಿಯುತ್ತವೆ, ಮತ್ತು ಹಾಗೆ ಉಳಿದ ಅಂಚುಗಳು ಮೂಲೆಯಿಂದಲೇ ಮತ್ತೆ ಕೂಡಿಕೊಳ್ಳುತ್ತ ಬರುತ್ತವೆ. ಮಾಯುವ ಗಾಯದಲ್ಲಿ ಮಯೋಫೈಬ್ರೊಬ್ಲಾಸ್ಟ್ ಎಂಬ ಜೀವಕೋಶಗಳು ಸ್ನಾಯುವಿನಂತೆಯೇ ಕುಗ್ಗುವ ಶಕ್ತಿ ಹೊಂದಿದ್ದು, ಗಾಯದ ಅಂಚುಗಳನ್ನು ಒಂದೆಡೆ ಎಳೆಯುವುದೇ ಅವುಗಳ ಕೆಲಸ. ದೇಹದ ಬೇರೆಡೆ ಗಾಯವನ್ನು ಮುಚ್ಚುವ ಈ ಉಪಕಾರವೇ ಕಟವಾಯಿಯಲ್ಲಿ ಚಿಕಿತ್ಸೆಯ ಫಲವನ್ನು ತಿಂದುಹಾಕುತ್ತದೆ. ಆದುದರಿಂದ ಮೂಲೆಯ ತುತ್ತತುದಿಯಲ್ಲಿ ಹಸಿ ಜಾಗ ಸ್ವಲ್ಪವೂ ಉಳಿಯದಂತೆ ಲೋಳೆಪೊರೆಯ ಒಂದು ಚಿಕ್ಕ ನಾಲಗೆಯನ್ನು ಅಲ್ಲಿಗೇ ಹೊಲಿಯುವುದು ಮುಖ್ಯ. ಶಸ್ತ್ರವೈದ್ಯರು ಬೇಕಾದುದಕ್ಕಿಂತ ಕೆಲವು ಮಿಲಿಮೀಟರ್ ಹೆಚ್ಚಾಗಿಯೇ ಅಗಲಿಸುವುದಕ್ಕೂ ಇದೇ ಕಾರಣ. ಹೊಲಿಗೆ ಬಿಚ್ಚಿದ ವಾರದಲ್ಲಿ ಬಾಯಿ ಮಿತಿಮೀರಿ ಅಗಲವಾದಂತೆ ಕಂಡು ರೋಗಿಯೂ ಮನೆಯವರೂ ಗಾಬರಿಯಾಗುವುದು ಸಹಜ, ಅದನ್ನು ಮೊದಲೇ ತಿಳಿಸಿಹೇಳುವುದು ವೈದ್ಯರ ಹೊಣೆ.

ಈ ಲೋಳೆಪೊರೆಯೇ ನೋಟದ ದೃಷ್ಟಿಯಿಂದ ಹೊಸ ತೊಡಕನ್ನು ತರುತ್ತದೆ. ಬಾಯಿಯ ಒಳಗೆ ಸದಾ ಒದ್ದೆಯಾಗಿರುವ ಪೊರೆ ಹೊರಗಿನ ತುಟಿಗಿಂತ ಹೆಚ್ಚು ಕೆಂಪಾಗಿದ್ದು, ಗಾಳಿಗೆ ತೆರೆದುಕೊಂಡಾಗ ಒಣಗಿ, ಸಿಪ್ಪೆಯೆದ್ದು, ಕೆಲವೊಮ್ಮೆ ಬಿರುಕು ಬಿಡುತ್ತದೆ. ಅದರಲ್ಲೂ ಕಂದುಬಣ್ಣದ ತುಟಿಯ ಪಕ್ಕದಲ್ಲಿ ಈ ಕೆಂಪು ಎದ್ದು ಕಾಣುತ್ತದೆ. ಕೆಂಪು ತುಟಿಯ ಅಂಚನ್ನೇ ಸೀಳಿ ಮೂಲೆಯವರೆಗೆ ಎಳೆದುಕೊಳ್ಳುವ, ಹೆರಾಲ್ಡ್ ಗಿಲೀಸ್ ಮತ್ತು ರಾಲ್ಫ್ ಮಿಲಾರ್ಡ್ ಅವರ ಹೆಸರಿನ ಕ್ರಮದಲ್ಲಿ ಬಣ್ಣ ಹೊಂದಿಕೊಳ್ಳುತ್ತದೆ, ಆದರೆ ಆ ಅಂಚನ್ನು ಎಷ್ಟು ದೂರ ಎಳೆಯಬಹುದೆಂಬುದಕ್ಕೆ ಮಿತಿಯಿರುವುದರಿಂದ ಸಿಗುವ ಅಗಲವೂ ಕಡಿಮೆ. ತುಟಿಯ ಕೆಂಪು ಮತ್ತು ಮುಖದ ಚರ್ಮ ಕೂಡುವ ಗೆರೆ ಹೊಲಿಗೆಯಲ್ಲಿ ಒಂದೇ ಒಂದು ಮಿಲಿಮೀಟರ್ ಮೇಲೆಕೆಳಗಾದರೂ ಎದುರು ಕೂತು ಮಾತನಾಡುವವರ ಕಣ್ಣಿಗೆ ಅದು ಬೀಳುತ್ತದೆ. ಒಂದೇ ಬದಿ ಕೆಟ್ಟಿದ್ದರೆ ಸರಿಯಿರುವ ಬದಿಯನ್ನು ಅಳೆದು ಹೊಸ ಮೂಲೆಯನ್ನು ಗುರುತಿಸಬಹುದು. ಎರಡೂ ಬದಿ ಕೆಟ್ಟಿದ್ದರೆ ರೋಗಿ ನೇರ ನೋಡುತ್ತಿರುವಾಗ ಕಣ್ಣಿನ ಕಪ್ಪುವೃತ್ತದ ಮೂಗಿನ ಕಡೆಯ ಅಂಚಿನಿಂದ ಕೆಳಗೆ ಎಳೆದ ಗೆರೆಯನ್ನು ಆಧಾರವಾಗಿ ಇಟ್ಟುಕೊಳ್ಳುತ್ತಾರೆ. ಅಳತೆ ಸರಿಯಿದ್ದೂ ಮೂಲೆ ಚೂಪಾಗದೆ ದುಂಡಗೆ ಉಳಿಯುವುದು ಈ ಚಿಕಿತ್ಸೆಯಲ್ಲಿ ಅತಿ ಸಾಮಾನ್ಯವಾದ ರೂಪದೋಷ.

ನೋಟ ಮತ್ತು ಬಳಕೆಗಳ ಪೈಪೋಟಿ ಎಲ್ಲಕ್ಕಿಂತ ನಿಚ್ಚಳವಾಗಿ ಕಾಣುವುದು ತುಟಿ ಕ್ಯಾನ್ಸರ್‌ನ ನಂತರದ ಮರುರಚನೆಯಲ್ಲಿ. ಕೆಳದುಟಿಯ ಮೂರನೇ ಒಂದು ಭಾಗದವರೆಗೆ ತೆಗೆದರೆ ಉಳಿದ ಅಂಚುಗಳನ್ನು ನೇರವಾಗಿ ಕೂಡಿಸಿ ಹೊಲಿಯಬಹುದು, ಅದಕ್ಕಿಂತ ಹೆಚ್ಚಾದರೆ ಅಕ್ಕಪಕ್ಕದ ಅಂಗಾಂಶವನ್ನು ಸರಿಸಿ ತರಬೇಕು. ಹೆಲ್ಸಿಂಕಿಯ ಯಾಕೋಬ್ ಆಗಸ್ಟ್ ಎಸ್ಟ್ಲಾಂಡರ್ 1872ರಲ್ಲಿ ಹೇಳಿದ ಕ್ರಮದಲ್ಲಿ ಮೇಲ್ದುಟಿಯ ತುಂಡೊಂದನ್ನು ಕಟವಾಯಿಯ ಸುತ್ತ ತಿರುಗಿಸಿ ಕೆಳಕ್ಕೆ ಇಳಿಸಲಾಗುತ್ತದೆ. ಇದರಿಂದ ತುಟಿ ತುಂಬಿದರೂ ಮೂಲೆ ದುಂಡಗಾಗುವುದರಿಂದ ಅದನ್ನು ಚೂಪು ಮಾಡಲು ಮುಂದೊಂದು ದಿನ ಕಮಿಷರೋಪ್ಲಾಸ್ಟಿ ಬೇಕಾಗಬಹುದು. ಬೆಲ್‌ಗ್ರೇಡ್‌ನ ಮಿಯೋದ್ರಾಗ್ ಕರಪಾಂಜಿಚ್ 1974ರಲ್ಲಿ ಪ್ರಕಟಿಸಿದ ಕ್ರಮ ಇನ್ನೂ ಗಮನಾರ್ಹ: ಅದರಲ್ಲಿ ಬಾಯಿಯ ಸುತ್ತಲಿನ ಸ್ನಾಯುವನ್ನು ಅದರ ನರ ಮತ್ತು ರಕ್ತನಾಳಗಳ ಸಮೇತ ಬಿಡಿಸಿ, ಉಳಿದ ತುಟಿಯನ್ನೇ ಸುತ್ತಿಸಿ ತಂದು ಉಂಗುರವನ್ನು ಪೂರ್ತಿಗೊಳಿಸುತ್ತಾರೆ. ಹೀಗೆ ಕಟ್ಟಿದ ತುಟಿಗೆ ಸ್ಪರ್ಶಜ್ಞಾನವಿರುತ್ತದೆ, ಚಲನೆಯಿರುತ್ತದೆ, ಜೊಲ್ಲನ್ನು ಹಿಡಿದಿಡುವ ಬಲವಿರುತ್ತದೆ, ಆದರೆ ಇದ್ದ ತುಟಿಯನ್ನೇ ಹಂಚಿಕೊಂಡದ್ದರಿಂದ ಬಾಯಿ ಕಿರಿದಾಗುತ್ತದೆ. ಇದಕ್ಕೆ ವಿರುದ್ಧವಾಗಿ ಬರ್ನಾರ್ಡ್ ಮತ್ತು ವೆಬ್‌ಸ್ಟರ್ ಹೆಸರಿನ ಕ್ರಮ ಕೆನ್ನೆಯ ಅಂಗಾಂಶವನ್ನು ಒಳಕ್ಕೆ ಸರಿಸಿ ತುಟಿ ಕಟ್ಟುತ್ತದೆ. ಬಾಯಿಯ ಅಗಲ ಹೆಚ್ಚು ಉಳಿಯುತ್ತದೆ, ಆದರೆ ಆ ತುಟಿ ಬಿಗಿಯಾಗಿದ್ದು, ಸ್ನಾಯುವಿನ ಉಂಗುರ ಪೂರ್ತಿಯಾಗದ ಕಾರಣ ಅದರ ಚಲನೆ ಕಡಿಮೆ. ಹಲ್ಲಿನ ಸೆಟ್ಟು ಹಾಕಲೇಬೇಕಾದ ವೃದ್ಧರಿಗೆ ಯಾವುದು ಒಳ್ಳೆಯದು, ಪಾಠ ಹೇಳಿ ಬದುಕುವ ಶಿಕ್ಷಕರಿಗೆ ಯಾವುದು ಒಳ್ಳೆಯದು ಎಂಬುದಕ್ಕೆ ಪುಸ್ತಕದಲ್ಲಿ ಒಂದೇ ಉತ್ತರ ಇರಲಾರದು. ಕಿರಿದಾದರೂ ಜೀವವಿರುವ ತುಟಿಯನ್ನು ಮುಂದೆ ಅಗಲಿಸಬಹುದು, ಚಲನೆ ಕಳೆದುಕೊಂಡ ಅಗಲವಾದ ತುಟಿಗೆ ಚಲನೆಯನ್ನು ಮರಳಿ ತರುವುದು ಬಹಳ ಕಷ್ಟ ಎಂಬ ಕಾರಣಕ್ಕೆ, ಎರಡರ ನಡುವೆ ಆಯ್ಕೆ ಇದ್ದಾಗ ಬಳಕೆಯ ಕಡೆಗೆ ಒಲಿಯುವುದೇ ವಿವೇಕ.

ಮಕ್ಕಳ ವಿಷಯದಲ್ಲಿ ಅವಸರವೇ ದೊಡ್ಡ ಶತ್ರು. ತೆವಳುವ, ಎಲ್ಲವನ್ನೂ ಬಾಯಿಗಿಟ್ಟುಕೊಳ್ಳುವ ವಯಸ್ಸಿನ ಮಗು ವಿದ್ಯುತ್ ವೈರನ್ನೋ ಅದರ ತುದಿಯ ಸಾಕೆಟ್ಟನ್ನೋ ಕಚ್ಚಿದಾಗ, ಉಗುಳಿನ ಮೂಲಕ ಹರಿದ ವಿದ್ಯುತ್ತು ಕಟವಾಯಿಯನ್ನು ಆಳವಾಗಿ ಸುಡುತ್ತದೆ. ಮೊದಲಿಗೆ ಅದು ನೋವಿಲ್ಲದ ಬಿಳಿಚಿದ ಗಾಯದಂತೆ ಕಂಡು ಮನೆಯವರು ನಿರಾಳವಾಗಬಹುದು, ಆದರೆ ಒಂದೆರಡು ವಾರಗಳಲ್ಲಿ ಸತ್ತ ಅಂಗಾಂಶ ಕಳಚಿಕೊಳ್ಳುವಾಗ ತುಟಿಯ ಅಪಧಮನಿ ತೆರೆದುಕೊಂಡು ಹಠಾತ್ತಾಗಿ ರಕ್ತ ಚಿಮ್ಮುವ ಅಪಾಯವಿದೆ. ಅಂಥ ವೇಳೆ ತುಟಿಯನ್ನು ಹೆಬ್ಬೆರಳು ಮತ್ತು ತೋರುಬೆರಳುಗಳ ನಡುವೆ ಒಳಗಿನಿಂದಲೂ ಹೊರಗಿನಿಂದಲೂ ಒತ್ತಿಹಿಡಿದೇ ಆಸ್ಪತ್ರೆಗೆ ಧಾವಿಸಬೇಕೆಂದು ತಂದೆತಾಯಿಗೆ ಮೊದಲೇ ಕಲಿಸಿಕೊಡಲಾಗುತ್ತದೆ. ಗಾಯ ಮಾಯುತ್ತಿದ್ದಂತೆ ಎರಡೂ ಕಟವಾಯಿಗಳನ್ನು ಹೊರಕ್ಕೆ ಒತ್ತಿಹಿಡಿಯುವ ಅಕ್ರಿಲಿಕ್ ಪಟ್ಟಿಯನ್ನು ದಂತವೈದ್ಯರು ಮಾಡಿಕೊಡುತ್ತಾರೆ. ಊಟ ಮತ್ತು ಹಲ್ಲುಜ್ಜುವ ಹೊತ್ತು ಬಿಟ್ಟು ಉಳಿದೆಲ್ಲ ಸಮಯ ಅದನ್ನು 6ರಿಂದ 12 ತಿಂಗಳು ಹಾಕಿಕೊಂಡರೆ ಎಷ್ಟೋ ಮಕ್ಕಳಲ್ಲಿ ಶಸ್ತ್ರಚಿಕಿತ್ಸೆಯ ಅಗತ್ಯವೇ ತಗ್ಗುತ್ತದೆ. ಮಗುವಿನ ಮುಖ ಬೇಗ ಸರಿಕಾಣಲಿ ಎಂಬ ಹಂಬಲ ಅರ್ಥವಾಗುವಂಥದ್ದೇ ಆದರೂ, ಕಲೆ ಕೆಂಪಾಗಿ ಗಟ್ಟಿಯಾಗಿರುವಾಗಲೇ ಕೊಯ್ದರೆ ಅದು ಇನ್ನೂ ಬಲವಾಗಿ ಕುಗ್ಗುತ್ತದೆ.

ಸ್ಕ್ಲೆರೋಡರ್ಮಾದ ಕತೆ ಬೇರೆ. ಅಲ್ಲಿ ಗಾಯವಿಲ್ಲ, ಕಲೆಯಿಲ್ಲ, ಚರ್ಮದಲ್ಲಿ ಕೊಲ್ಲಾಜನ್ ಎಂಬ ನಾರು ಅತಿಯಾಗಿ ತುಂಬಿ ತುಟಿಗಳು ತೆಳುವಾಗುತ್ತವೆ, ಬಾಯಿಯ ಸುತ್ತ ನೆರಿಗೆಗಳು ಕಿರಣಗಳಂತೆ ಮೂಡುತ್ತವೆ, ಉಗುಳು ಕಡಿಮೆಯಾಗಿ ಬಾಯಿ ಒಣಗುತ್ತದೆ. ಫ್ರಾನ್ಸ್‌ನ ವೈದ್ಯರು 2007ರಲ್ಲಿ ಇಂಥ ರೋಗಿಗಳಿಗಾಗಿ ಪ್ರಕಟಿಸಿದ 12 ಪ್ರಶ್ನೆಗಳ, 48 ಅಂಕಗಳ ಮಾಪನವೊಂದು ಬಾಯಿಯ ತೆರೆತ, ಬಾಯಿಯ ಒಣಗುವಿಕೆ ಮತ್ತು ಮುಖದ ನೋಟ ಮೂರನ್ನೂ ಒಂದೇ ಪಟ್ಟಿಯಲ್ಲಿ ಕೇಳುತ್ತದೆ. ನೋಟದ ಚಿಂತೆಯೂ ಅಂಗವೈಕಲ್ಯದ ಒಂದು ಭಾಗವೇ ಎಂದು ಒಪ್ಪಿಕೊಂಡ ಈ ಪಟ್ಟಿ ವೈದ್ಯಕೀಯ ಅಳತೆಗೋಲುಗಳಲ್ಲಿ ಮೆಚ್ಚತಕ್ಕದ್ದು. ರಕ್ತಸಂಚಾರ ಮೊದಲೇ ಕುಂದಿರುವ ಈ ಚರ್ಮದಲ್ಲಿ ಗಾಯ ಮಾಯುವುದು ನಿಧಾನವಾದ್ದರಿಂದ ಕಟವಾಯಿಯನ್ನು ಕೊಯ್ಯುವುದಕ್ಕಿಂತ ಮೊದಲು ನಿತ್ಯ ಬಾಯಿ ಹಿಗ್ಗಿಸುವ ವ್ಯಾಯಾಮವನ್ನು, ರೋಗಿಯದೇ ಹೊಟ್ಟೆಯ ಅಥವಾ ತೊಡೆಯ ಕೊಬ್ಬನ್ನು ತೆಗೆದು ತುಟಿಗಳ ಸುತ್ತ ಚುಚ್ಚುವ ಕ್ರಮವನ್ನು ಪ್ರಯತ್ನಿಸುವುದುಂಟು.

ಕರ್ನಾಟಕದಲ್ಲಿ ಬಾಯಿ ತೆರೆಯಲಾಗದವರ ದೊಡ್ಡ ಗುಂಪು ಇವರಾರೂ ಅಲ್ಲ, ಅಡಿಕೆ ಮತ್ತು ಗುಟ್ಕಾ ಅಗಿಯುವವರು. ದೇಶದಲ್ಲಿ ಅತಿ ಹೆಚ್ಚು ಅಡಿಕೆ ಬೆಳೆಯುವ ಈ ರಾಜ್ಯದಲ್ಲಿ ಓರಲ್ ಸಬ್‌ಮ್ಯೂಕಸ್ ಫೈಬ್ರೋಸಿಸ್ ಎಂಬ ರೋಗ ದಂತವೈದ್ಯಕೀಯ ಕಾಲೇಜುಗಳ ಹೊರರೋಗಿ ವಿಭಾಗಗಳಲ್ಲಿ ನಿತ್ಯದ ನೋಟ: ಅಡಿಕೆಯ ಅರೆಕೋಲಿನ್ ಮುಂತಾದ ಅಂಶಗಳು ಕೆನ್ನೆಯ ಒಳಪದರದಲ್ಲಿ ನಾರು ಬೆಳೆಯುವಂತೆ ಕೆರಳಿಸಿ, ಬೆರಳಿಟ್ಟರೆ ತಂತಿಯಂತೆ ತಾಕುವ ಬಿಗಿಪಟ್ಟಿಗಳು ಮೂಡುತ್ತವೆ, ಖಾರ ತಾಳಲಾಗದೆ ಬಾಯಿ ಉರಿಯುತ್ತದೆ, ತೆರೆತ ವರ್ಷದಿಂದ ವರ್ಷಕ್ಕೆ ಇಳಿಯುತ್ತದೆ. ಹೊರಗಿನಿಂದ ನೋಡಿದರೆ ಇಂಥವರ ತುಟಿಯೂ ಕಟವಾಯಿಯೂ ಬಹುಮಟ್ಟಿಗೆ ಸರಿಯಾಗಿಯೇ ಇರುತ್ತವೆ, ಹಾಗಾಗಿ ಇಲ್ಲಿ ಚಿಕಿತ್ಸೆಯ ಗುರಿ ಪೂರ್ತಿಯಾಗಿ ಬಳಕೆಯದು, ಮತ್ತು ನೋಟ ಎಂಬುದು ಚಿಕಿತ್ಸೆಗಾಗಿ ತೆರಬೇಕಾದ ಬೆಲೆಯಾಗಿ ಮಾತ್ರ ಬರುತ್ತದೆ. ನಾರಿನ ಪಟ್ಟಿಗಳನ್ನು ಕೊಯ್ದು ಉಂಟಾದ ಹಸಿ ಜಾಗವನ್ನು ಮೂಗಿನ ಪಕ್ಕದ ಕೆನ್ನೆಗೆರೆಯ ಚರ್ಮ ತಂದು ಮುಚ್ಚಿದರೆ ಹೊದಿಕೆ ಗಟ್ಟಿಯಾಗುತ್ತದೆ, ಆದರೆ ಮುಖದ ಮೇಲೆ ಎರಡು ಗೆರೆಗಳು ಉಳಿಯುತ್ತವೆ, ಗಂಡಸರಲ್ಲಿ ಬಾಯೊಳಗೆ ಕೂದಲು ಬೆಳೆಯುವುದೂ ಉಂಟು. ಕೆನ್ನೆಯೊಳಗಿನ ಕೊಬ್ಬಿನ ಗಂಟನ್ನೇ ಎಳೆದು ಮುಚ್ಚಿದರೆ ಮುಖದ ಮೇಲೆ ಯಾವ ಗುರುತೂ ಇಲ್ಲ, ಆದರೆ ಅದು ಬಾಯಿಯ ಮುಂಭಾಗದವರೆಗೆ ಸಾಕಾಗುವುದಿಲ್ಲ.

ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ಸಿಕ್ಕ ತೆರೆತವನ್ನು ಉಳಿಸಿಕೊಳ್ಳುವುದು ಮನೆಯಲ್ಲಿ ಮಾಡುವ ವ್ಯಾಯಾಮದಿಂದ. ಹೈಸ್ಟರ್ ಎಂಬ, ತಿರುಪು ತಿರುಗಿಸಿದಂತೆ ಹಲ್ಲುಗಳನ್ನು ಅಗಲಿಸುವ ಲೋಹದ ಉಪಕರಣವನ್ನು ದಿನಕ್ಕೆ ಹಲವು ಬಾರಿ, ತಿಂಗಳುಗಟ್ಟಲೆ ಬಳಸಬೇಕು. ನೋವೆಂದು ಅದನ್ನು ಬಿಟ್ಟವರ ಬಾಯಿ ಮತ್ತೆ ಬಿಗಿಯುತ್ತದೆ, ಅಡಿಕೆಯನ್ನು ಮುಂದುವರಿಸಿದವರದಂತೂ ಬಿಗಿದೇ ತೀರುತ್ತದೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅಡಿಕೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ 2004ರಲ್ಲಿ ಸೇರಿಸಿದೆ. ಕರ್ನಾಟಕ ಸರ್ಕಾರ 2013ರಲ್ಲಿ ಗುಟ್ಕಾ ನಿಷೇಧಿಸಿದ ಮೇಲೂ ಪಾನ್ ಮಸಾಲೆ ಮತ್ತು ತಂಬಾಕು ಬೇರೆ ಬೇರೆ ಪೊಟ್ಟಣಗಳಲ್ಲಿ ಸಿಗುತ್ತಿರುವುದನ್ನು ಯಾವ ಗೂಡಂಗಡಿಯ ಮುಂದೆ ನಿಂತರೂ ಕಾಣಬಹುದು. ಚಿಕ್ಕ ವಯಸ್ಸಿನ ಹುಡುಗರು ಬೆರಳೊಂದೂ ತೂರದ ಬಾಯೊಂದಿಗೆ ಶಸ್ತ್ರವೈದ್ಯರ ಮುಂದೆ ಬಂದು ಕೂರುವುದು ತಡೆಯಬಹುದಾಗಿದ್ದ ದುಃಖ.

ಇಷ್ಟರಿಂದ ನೋಟ ಎಂಬುದು ಎರಡನೆಯ ದರ್ಜೆಯ ವಿಷಯ ಎಂದು ಯಾರೂ ಭಾವಿಸಬಾರದು. ಆ್ಯಸಿಡ್ ದಾಳಿಗೆ ಒಳಗಾದ ಹೆಣ್ಣುಮಗಳಿಗೆ ತುತ್ತು ಸಲೀಸಾಗಿ ಒಳಹೋಗುವಂತಾದರೂ, ನಾಲ್ಕು ಜನರ ನಡುವೆ ಕೂತು ಉಣ್ಣಲು ಮುಖ ಅಡ್ಡಿಯಾದರೆ ಅವಳು ಉಣ್ಣುವುದು ಅಡುಗೆಮನೆಯ ಮೂಲೆಯಲ್ಲಿಯೇ. ನಗುವಾಗ ಒಂದು ಕಡೆ ಮಾತ್ರ ಏಳುವ ಬಾಯಿ, ಕೆಲಸದ ಸಂದರ್ಶನದಲ್ಲಿ, ಮದುವೆಮನೆಯಲ್ಲಿ, ಬಸ್ಸಿನಲ್ಲಿ ಅವಳನ್ನು ಹಿಂಬಾಲಿಸುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದ 21 ಬಗೆಯ ಅಂಗವೈಕಲ್ಯಗಳಲ್ಲಿ ಆ್ಯಸಿಡ್ ದಾಳಿಗೊಳಗಾದವರನ್ನೂ ಸೇರಿಸಿರುವುದರ ಹಿಂದೆ ಈ ತಿಳಿವಳಿಕೆಯೇ ಇದೆ. ಆರೋಗ್ಯವಾಗಿರುವ ಬಾಯಿಯ ಮೂಲೆಗಳನ್ನು ಕೇವಲ ನಗುಮುಖಕ್ಕಾಗಿ ಮೇಲೆತ್ತುವ, ದಕ್ಷಿಣ ಕೊರಿಯಾದಲ್ಲಿ ಹೆಸರಾದ ಶಸ್ತ್ರಚಿಕಿತ್ಸೆಯ ತೂಕ ಬೇರೆ. ಅಲ್ಲಿ ಬಳಕೆಯ ಲಾಭ ಏನೂ ಇಲ್ಲದಿರುವಾಗ ಕಟವಾಯಿಯಲ್ಲಿ ಉಳಿಯುವ ಕಲೆಯೂ, ಅದು ಕುಗ್ಗುವ ಸಂಭವವೂ ಪೂರ್ತಿ ನಷ್ಟದ ಪಾಲಿಗೆ ಬರುತ್ತವೆ, ಮತ್ತು ಅಂಥದ್ದನ್ನು ಬಯಸುವವರು ಮುಚ್ಚಿದ ಬಾಯಿಯ ಚಿತ್ರಗಳಷ್ಟೇ ಅಲ್ಲದೆ ತೆರೆದ ಬಾಯಿಯ, ನಗುವ ಬಾಯಿಯ ಚಿತ್ರಗಳನ್ನೂ, ಅದೂ ಒಂದು ವರ್ಷದ ನಂತರದವನ್ನು, ಕೇಳಿ ನೋಡಬೇಕು.

ಈ ವ್ಯತ್ಯಾಸ ಹಣದ ವಿಷಯದಲ್ಲಿಯೂ ಮುಖ್ಯವಾಗುತ್ತದೆ. ಭಾರತದ ಆರೋಗ್ಯ ವಿಮಾ ಪಾಲಿಸಿಗಳಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಗೊತ್ತುಪಡಿಸಿದ ಹೊರಗಿಡುವಿಕೆಯ ಷರತ್ತಿನ ಪ್ರಕಾರ ರೂಪ ಬದಲಾಯಿಸುವ ಶಸ್ತ್ರಚಿಕಿತ್ಸೆಗೆ ಹಣ ಸಿಗುವುದಿಲ್ಲ, ಆದರೆ ಅಪಘಾತ, ಸುಟ್ಟಗಾಯ ಅಥವಾ ಕ್ಯಾನ್ಸರ್‌ನ ನಂತರದ ಮರುರಚನೆಗೆ, ಹಾಗೂ ಆರೋಗ್ಯಕ್ಕೆ ಎದುರಾದ ನೇರ ಅಪಾಯವನ್ನು ನೀಗಲು ಅಗತ್ಯವೆಂದು ಚಿಕಿತ್ಸೆ ನೀಡುವ ವೈದ್ಯರು ಪ್ರಮಾಣೀಕರಿಸಿದ ಸಂದರ್ಭಕ್ಕೆ ಈ ನಿರ್ಬಂಧ ಅನ್ವಯಿಸುವುದಿಲ್ಲ. ಸುಟ್ಟಗಾಯದವರ ಹಾದಿ ಇದರಿಂದ ಸುಗಮವಾದರೆ, ಸ್ಕ್ಲೆರೋಡರ್ಮಾದವರು ವೈದ್ಯಕೀಯ ಅಗತ್ಯವನ್ನು ರುಜುವಾತುಪಡಿಸಬೇಕಾಗುತ್ತದೆ. ಆದುದರಿಂದ ಬಾಯಿಯ ಅಗಲ ಎಷ್ಟು ಮಿಲಿಮೀಟರ್, ತೆರೆತ ಎಷ್ಟು, ಯಾವ ಆಹಾರ ತಿನ್ನಲಾಗುತ್ತಿಲ್ಲ, ಎಷ್ಟು ಹಲ್ಲುಗಳು ಚಿಕಿತ್ಸೆಗೆ ಸಿಗದೆ ಹಾಳಾಗಿವೆ, ಅರಿವಳಿಕೆ ತಜ್ಞರ ಅಭಿಪ್ರಾಯವೇನು ಎಂಬುದೆಲ್ಲ ಶಸ್ತ್ರಚಿಕಿತ್ಸೆಗೆ ಮೊದಲೇ ಆಸ್ಪತ್ರೆಯ ಕಾಗದದಲ್ಲಿ ಬರೆದಿರಬೇಕು. ಅದೇ ಅಳತೆಗಳನ್ನು ಆರು ತಿಂಗಳಿಗೊಮ್ಮೆ, ವರ್ಷಕ್ಕೊಮ್ಮೆ ಮತ್ತೆ ತೆಗೆದು ಪಕ್ಕದಲ್ಲಿ ಬರೆದರೆ, ಹೊಸ ಕಟವಾಯಿ ಎಷ್ಟು ಉಳಿದಿದೆ, ಎಷ್ಟು ಹಿಂದಕ್ಕೆ ಕುಗ್ಗಿದೆ, ಅಕ್ರಿಲಿಕ್ ಪಟ್ಟಿಯನ್ನು ಇನ್ನಷ್ಟು ಕಾಲ ಹಾಕಿಕೊಳ್ಳಬೇಕೇ ಎಂಬುದನ್ನು ರೋಗಿ ಮತ್ತು ವೈದ್ಯರು ಇಬ್ಬರೂ ಒಂದೇ ಹಾಳೆಯಲ್ಲಿ ಓದಿಕೊಳ್ಳಬಹುದು.